ಸೇನಾ ಬೇಸ್ ಒಳಗೆ 911 ಡಿಸ್ಪ್ಯಾಚರ್ ಕೆಲಸ: ಅನುಭವ ಇರುವವರು ಹೇಳಿ

ಕೊತ್ತಂಬರಿ_ಸೊಪ್ಪು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಅಮೆರಿಕದ ಸೇನೆಯಲ್ಲಿದ್ದಾರೆ. ಈಗ ಟೆಕ್ಸಾಸಿನ ಫೋರ್ಟ್ ಹುಡ್‌ಗೆ ಪೋಸ್ಟಿಂಗ್ ಆಗಿದೆ. ನಾವಿರುವುದು ಪಕ್ಕದ ಕಿಲೀನ್ ಊರಿನಲ್ಲಿ. ನನಗೂ ಸಿಟಿಜನ್‌ಶಿಪ್ ಬಂತು. ಬೇಸ್‌ಗಳ 911 ತುರ್ತು ಕರೆ ಕೇಂದ್ರದಲ್ಲಿ ಡಿಸ್ಪ್ಯಾಚರ್ ಕೆಲಸಕ್ಕೆ (ಕರೆ ಎತ್ತಿ ಗಾಡಿ ಕಳಿಸುವವರು) ಸಿವಿಲಿಯನ್ನರನ್ನು ತೆಗೆದುಕೊಳ್ಳುತ್ತಾರೆ, ಸೈನಿಕರ ಹೆಂಡತಿಗೆ ಆದ್ಯತೆಯೂ ಇದೆ ಅಂತ ಗೊತ್ತಾಯಿತು. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಒಂದು ಬ್ಯಾಂಕಿನ ಕಸ್ಟಮರ್ ಕೇರ್‌ನಲ್ಲಿದ್ದೆ. ರಾತ್ರಿ ಪಾಳಿ ಹೊಸದಲ್ಲ.

ನನ್ನ ಅನುಮಾನಗಳು ಇವು. ಬೇಸ್ ಒಳಗೆ ಅಂದಮೇಲೆ ಕರೆಗಳು ಕಡಿಮೆ ಇರುತ್ತವಾ? ನನ್ನ ಇಂಗ್ಲಿಷ್ ಉಚ್ಚಾರಣೆ ತೊಂದರೆ ಆಗುತ್ತಾ? ಮಗಳು ಚಿಕ್ಕವಳು, 12 ಗಂಟೆ ಪಾಳಿ ನಡೆಯುತ್ತಾ? ಮನೆಯವರು "ನಿನಗ್ಯಾಕೆ ಈ ತಲೆನೋವು" ಅಂತಿದ್ದಾರೆ. ನಮ್ಮತ್ತೆ ಮಾತ್ರ "ಸೇರ್ಕೋ" ಅಂದುಬಿಟ್ಟರು!

ಡಬಲ್_ಇಸ್ತ್ರಿ:
ಕಾಲ್ ಸೆಂಟರ್ ಮಾಡಿದ್ದೀರಲ್ಲ, ಇದೂ ಅದೇ. ಹೆಡ್‌ಸೆಟ್ ಹಾಕಿಕೊಂಡು ಫೋನ್ ಎತ್ತುವುದು. ಸುತ್ತ ಸೈನಿಕರು, ಗೇಟಿನಲ್ಲಿ ಕಾವಲು. ಅಲ್ಲಿ ಏನು ತಾನೇ ಆಗುತ್ತೆ? ಫೆಡರಲ್ ಕೆಲಸ, ಪಿಂಚಣಿ ಇದೆ. ಕಣ್ಣು ಮುಚ್ಚಿ ಸೇರಿಕೊಳ್ಳಿ.

ಮೂರನೇ_ಪಾಳಿ:
ಮೇಲಿನವರು ಹೇಳಿದ್ದನ್ನು ನಂಬಬೇಡಿ ಮೇಡಂ. ನಾನು ಒಂದು ಏರ್‌ಫೋರ್ಸ್ ಬೇಸ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ಹೆಸರು ಹೇಳುವುದಿಲ್ಲ.

ಬೇಸ್ ಅಂದರೆ ಒಂದು ಊರು. ಮನೆ, ಶಾಲೆ, ಆಸ್ಪತ್ರೆ, ಈಜುಕೊಳ, ಪೆಟ್ರೋಲ್ ಬಂಕ್ ಎಲ್ಲ ಇದೆ. ಊರಲ್ಲಿ ಏನೇನಾಗುತ್ತೋ ಅದೆಲ್ಲ ಇಲ್ಲೂ ಆಗುತ್ತೆ. ಮಗುವಿನ ಗಂಟಲಲ್ಲಿ ದ್ರಾಕ್ಷಿ ಸಿಕ್ಕಿಕೊಳ್ಳುತ್ತೆ. ಒಲೆ ಮೇಲೆ ಎಣ್ಣೆಗೆ ಬೆಂಕಿ ಹತ್ತುತ್ತೆ. ಗಂಡ ಹೆಂಡತಿ ಹೊಡೆದಾಡುತ್ತಾರೆ. ಇದರ ಮೇಲೆ ವಿಮಾನ, ಮದ್ದುಗುಂಡು, ಇಂಧನದ ಟ್ಯಾಂಕ್.

ನಮ್ಮ ಮೇಜಿನ ಮೇಲೆ ಒಂದು ಕ್ರ್ಯಾಶ್ ಫೋನ್ ಇದೆ. ಕಂಟ್ರೋಲ್ ಟವರ್‌ನವರು ಅದನ್ನು ಎತ್ತಿದರೆ ಅಗ್ನಿಶಾಮಕ ದಳಕ್ಕೂ, ವೈದ್ಯಕೀಯ ವಿಭಾಗಕ್ಕೂ, ನಮಗೂ ಒಟ್ಟಿಗೆ ರಿಂಗ್ ಆಗುತ್ತೆ. ನಂಬರ್ ಒತ್ತುವುದೇ ಇಲ್ಲ. ಟವರ್‌ನವರು ಪಟಪಟ ಅಂತ ಹೇಳುತ್ತಾರೆ: ಯಾವ ವಿಮಾನ, ಏನು ತೊಂದರೆ, ಒಳಗೆ ಎಷ್ಟು ಜನ, ಎಷ್ಟು ಇಂಧನ ಉಳಿದಿದೆ, ಎಷ್ಟು ನಿಮಿಷಕ್ಕೆ ಇಳಿಯುತ್ತೆ, ಯಾವ ರನ್‌ವೇ. ಬರೆದುಕೊಂಡು ತಿರುಗಿ ಓದಿ ಹೇಳಬೇಕು. "ಇನ್ನೊಂದ್ಸಲ ಹೇಳ್ತೀರಾ" ಅಂತ ಕೇಳಬಹುದು, ನಾಚಿಕೆ ಪಡಬೇಕಾಗಿಲ್ಲ. ಊಹೆ ಮಾಡಿ ಬರೆಯಬಾರದು ಅಷ್ಟೇ.

ವಿಮಾನದ ಹೆಸರು ಯಾಕೆ ಮುಖ್ಯ ಗೊತ್ತಾ? ಎಫ್-16 ಆದರೆ ಅದರಲ್ಲಿ ಹೈಡ್ರಾಜಿನ್ ಇರುತ್ತೆ. ಎಂಜಿನ್ ಕೈಕೊಟ್ಟಾಗ ತುರ್ತು ವಿದ್ಯುತ್ತಿಗೆ ಬಳಸುವ ಇಂಧನ ಅದು. ಕಡು ವಿಷ. ಅದು ಚಾಲೂ ಆಗಿದ್ದರೆ ಬೆಂಕಿ ಗಾಡಿ ಗಾಳಿ ಬರುವ ಕಡೆಯಿಂದಲೇ ಹತ್ತಿರ ಹೋಗಬೇಕು. ಗಾಳಿ ಯಾವ ಕಡೆಯಿಂದ ಅಂತ ಹೇಳುವುದೂ ನಮ್ಮ ಕೆಲಸವೇ.

ಡಬಲ್_ಇಸ್ತ್ರಿ:
ಸರಿ, ವಿಮಾನ ಇರುವ ಕಡೆ ಹಾಗಿರಬಹುದು. ಇವರದ್ದು ಆರ್ಮಿ ಬೇಸ್ ಅಲ್ವಾ?

ಮೂರನೇ_ಪಾಳಿ:
ಫೋರ್ಟ್ ಹುಡ್‌ನಲ್ಲಿ ಹೆಲಿಕಾಪ್ಟರ್ ಇಲ್ಲ ಅಂದುಕೊಂಡಿರಾ? ಟ್ಯಾಂಕ್ ತರಬೇತಿಯ ದೊಡ್ಡ ಜಾಗ ಸ್ವಾಮಿ ಅದು. ಎರಡು ಲಕ್ಷ ಎಕರೆಗೂ ಜಾಸ್ತಿ.

ಇಂಗು_ತೆಂಗು:
ನಾನು ಬೇಸ್‌ನ ಒಳಗಲ್ಲ, ಹೊರಗೆ. ಬೇರೆ ರಾಜ್ಯದಲ್ಲಿ ಒಂದು ಬೇಸ್ ಪಕ್ಕದ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) 911 ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ. ಒಳಗಿನವರ ತಲೆನೋವಿನ ಅರ್ಧ ಭಾಗ ನಮ್ಮಿಂದಲೇ ಶುರುವಾಗುತ್ತೆ.

ನಾನಿದ್ದಾಗ ಮೊಬೈಲಿನಿಂದ 911 ಒತ್ತಿದರೆ ಕರೆ ಹೋಗುತ್ತಿದ್ದುದು ಸಾಮಾನ್ಯವಾಗಿ ಟವರ್ ಲೆಕ್ಕದಲ್ಲಿ. ಬೇಸ್ ಒಳಗೆ ನಿಂತವನ ಫೋನಿಗೆ ಬೇಲಿಯಾಚೆಯ ಟವರ್ ಸಿಕ್ಕರೆ ಕರೆ ನಮ್ಮ ಹತ್ತಿರ ಬರುತ್ತಿತ್ತು. ಅವನು "ಬಿಲ್ಡಿಂಗ್ 2245, ಬೇಗ ಬನ್ನಿ" ಅಂತ ಕೂಗುತ್ತಿರುತ್ತಾನೆ. ನಮ್ಮ ನಕ್ಷೆಯಲ್ಲಿ ರಸ್ತೆ ಹೆಸರಿದೆ, ಆ ನಂಬರ್ ಇಲ್ಲ. ಬೇಸ್‌ನ ಕೇಂದ್ರಕ್ಕೆ ಕರೆ ದಾಟಿಸಬೇಕು. ಅವರು ಮತ್ತೆ ಮೊದಲಿಂದ ಕೇಳುತ್ತಾರೆ. ಆ ಕಡೆಯವನಿಗೆ ಸಿಟ್ಟು ಬರದೆ ಇರುತ್ತಾ?

ಹಾಗಾಗಿ ಮೊದಲ ಪ್ರಶ್ನೆ ಯಾವಾಗಲೂ "ಎಲ್ಲಿ". "ಏನಾಯ್ತು" ಆಮೇಲೆ. ಲೈನ್ ಕಟ್ ಆದರೂ ಜಾಗ ಗೊತ್ತಿದ್ದರೆ ಗಾಡಿ ಕಳಿಸಬಹುದು.

ರಾಗಿಹುರಿಹಿಟ್ಟು:
ಇಂಗು_ತೆಂಗು ಹೇಳಿದ್ದಕ್ಕೆ ದೊಡ್ಡ ಉದಾಹರಣೆ ಇದೆ. 2013ರ ಸೆಪ್ಟೆಂಬರ್ 16, ವಾಷಿಂಗ್ಟನ್ ನೇವಿ ಯಾರ್ಡ್ ಗುಂಡಿನ ದಾಳಿ. 12 ಜನ ಸತ್ತರು. ಒಳಗಿಂದ ಫೋನ್ ಮಾಡಿದವರು ಹೇಳಿದ್ದು "ಬಿಲ್ಡಿಂಗ್ 197" ಅಂತ. ಒಳಗಿನವರಿಗೆ ಅದು ಮನೆ ಅಡ್ರೆಸ್ ಇದ್ದಷ್ಟು ಸಲೀಸು. ನಗರ ಪೊಲೀಸರಿಗೆ ಆ ನಂಬರ್ ಏನೂ ಹೇಳಲಿಲ್ಲ. ಗೇಟಿನ ಹತ್ತಿರ ಬಂದು 197 ಎಲ್ಲಿದೆ ಅಂತ ಹುಡುಕಬೇಕಾಯಿತು. ಆಮೇಲೆ ಬಂದ ಪೊಲೀಸ್ ವರದಿಯಲ್ಲೂ ಇದೇ ವಿಷಯ ಇತ್ತು.

ಕೊತ್ತಂಬರಿ_ಸೊಪ್ಪು:
ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಇಲ್ಲಿ 2009ರಲ್ಲಿ ಆಗಿದ್ದು ಮಾತ್ರ ಕೇಳಿದ್ದೆ.

ರಾಗಿಹುರಿಹಿಟ್ಟು:
ಹೌದು, ನವೆಂಬರ್ 5. 13 ಜನ ಹೋದರು. ಗುಂಡು ಹಾರಿಸಿದವನು ಸೇನೆಯದೇ ಡಾಕ್ಟರ್, ಮೇಜರ್. ಅವನನ್ನು ತಡೆದವರು ಬೇಸ್‌ನ ಸಿವಿಲಿಯನ್ ಪೊಲೀಸರು. ಆಮೇಲೆ ರಕ್ಷಣಾ ಇಲಾಖೆ ಮಾಡಿಸಿದ ಪರಿಶೀಲನೆಯಲ್ಲಿ 911 ವಿಷಯವೂ ಬಂತು. ಕರೆ ಮಾಡಿದವರ ಜಾಗ ತಾನಾಗಿ ತೋರಿಸುವ ಸೌಲಭ್ಯ ಹೊರಗಿನ ಊರುಗಳಲ್ಲಿತ್ತು, ಬೇಸ್‌ಗಳಲ್ಲಿ ಎಲ್ಲ ಕಡೆ ಇರಲಿಲ್ಲ.

ನಿವೃತ್ತ_ವಾಯುಪಡೆ:
ನಾನು ಭಾರತೀಯ ವಾಯುಪಡೆಯಿಂದ ನಿವೃತ್ತ. ಜಾಲಹಳ್ಳಿ, ಬೀದರ್ ಎರಡೂ ಕಡೆ ಇದ್ದೆ. ನಮ್ಮ ಕಾಲದಲ್ಲಿ 911 ಥರದ ಒಂದೇ ನಂಬರ್ ಇರಲಿಲ್ಲ. ಎಕ್ಸ್‌ಚೇಂಜ್ ಆಪರೇಟರ್‌ಗೆ ಫೋನ್ ಮಾಡಿದರೆ ಅವನು ಎಂ.ಐ. ರೂಮಿಗೋ (ಬೇಸ್‌ನ ಚಿಕಿತ್ಸಾ ಕೊಠಡಿ), ಗಾರ್ಡ್ ರೂಮಿಗೋ, ಡ್ಯೂಟಿ ಆಫೀಸರ್‌ಗೋ ಕೊಡುತ್ತಿದ್ದ. ಆಪರೇಟರ್‌ಗೆ ಎಲ್ಲರ ದನಿಯೂ ಪರಿಚಯ. "ಏನ್ ಸರ್, ಮಗೂಗೆ ಮತ್ತೆ ಜ್ವರಾನಾ" ಅಂತ ಕೇಳೋನು. ಆರ್ಮಿಯಲ್ಲಿ ಇವತ್ತಿಗೂ ಸಿವಿಲಿಯನ್ ಸ್ವಿಚ್‌ಬೋರ್ಡ್ ಆಪರೇಟರ್ ಅಂತಲೇ ಹುದ್ದೆ ಇದೆ.

ರನ್‌ವೇ ಕಡೆಯದು ಬೇರೆ ವ್ಯವಸ್ಥೆ. ಹಾರಾಟ ಇದ್ದಷ್ಟು ಹೊತ್ತು ಕ್ರ್ಯಾಶ್ ಫೈರ್ ಟೆಂಡರ್ ಎಂಜಿನ್ ಬಿಸಿಯಾಗಿಟ್ಟುಕೊಂಡು ಕಾಯುತ್ತೆ. ಬೀದರ್‌ನಲ್ಲಿ ಕಲಿಯುವ ಹುಡುಗರು ಹಾರಿಸುವುದು, ಹಾಗಾಗಿ ಯಾರಿಗೂ ಸಡಿಲ ಇಲ್ಲ.

ಬೆಂಗಳೂರಿನವರಿಗೆ ನೆನಪಿರಬಹುದು. 2019ರ ಫೆಬ್ರವರಿ 23, ಯಲಹಂಕದ ಏರೋ ಇಂಡಿಯಾ ಪಾರ್ಕಿಂಗ್ ಬೆಂಕಿ. ಸುಮಾರು 300 ಕಾರು ಸುಟ್ಟು ಹೋದವು, ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ವಾಯುಪಡೆಯ ಗಾಡಿಗಳೂ ಬಂದವು, ರಾಜ್ಯದ ಅಗ್ನಿಶಾಮಕ ಗಾಡಿಗಳೂ ಬಂದವು. ಯಾವ ಗಾಡಿ ಯಾವ ಗೇಟಿಗೆ ಹೋಗಬೇಕು ಅಂತ ಹೇಳುವ ಒಬ್ಬನ ದನಿ ಇಲ್ಲದಿದ್ದರೆ ಅಂಥ ಹೊತ್ತಿನಲ್ಲಿ ಯಾರಿದ್ದೂ ಪ್ರಯೋಜನ ಇಲ್ಲ.

ಚಿತ್ರಾನ್ನ_ಡಬ್ಬಿ:
ನಮ್ಮಣ್ಣನ ಕಾರೂ ಅವತ್ತು ಅಲ್ಲೇ ಇತ್ತು ಸರ್! ಎರಡು ಸಾಲು ಆಚೆ. ಇನ್ಶೂರೆನ್ಸ್ ಕಥೆ ಬೇರೆ ಥ್ರೆಡ್ ಆಗುತ್ತೆ.

ಡಬಲ್_ಇಸ್ತ್ರಿ:
ಬೇರೆ ಥ್ರೆಡ್ ಬೇಡ, ಇಲ್ಲೇ ಹೇಳಿ.

ಚಿತ್ರಾನ್ನ_ಡಬ್ಬಿ:
ಸುಟ್ಟಿಲ್ಲ ಅಂತ ಕ್ಲೇಮ್ ಇಲ್ಲ. ಮಸಿ ಮಾತ್ರ ಹಿಡಿದಿತ್ತು. ತೊಳೆಸಿದ ದುಡ್ಡು ಸ್ವಂತ ಜೇಬಿನದು. ಮುಗೀತು ಕಥೆ.

ತಂತಿ_ತಿಮ್ಮ:
ಟೆಲಿಕಾಂನಲ್ಲಿ ಇರುವವನು ನಾನು, ಒಂದು ವಿಷಯ ಸೇರಿಸುತ್ತೇನೆ. ಆಫೀಸ್ ಫೋನುಗಳಲ್ಲಿ ಹೊರಗಿನ ಲೈನಿಗೆ 9 ಒತ್ತಬೇಕಿತ್ತಲ್ಲ, ಅದು ಒಂದು ಜೀವ ತೆಗೆದಿದೆ. 2013ರಲ್ಲಿ ಟೆಕ್ಸಾಸಿನ ಮಾರ್ಷಲ್ ಊರಿನ ಮೋಟೆಲ್ ರೂಮಿನಲ್ಲಿ ಕ್ಯಾರಿ ಹಂಟ್ ಅನ್ನುವವರ ಮೇಲೆ ದಾಳಿ ಆಯಿತು. ಅವರ 9 ವರ್ಷದ ಮಗಳು ಮತ್ತೆ ಮತ್ತೆ 911 ಒತ್ತಿದಳು. ಕರೆ ಹೋಗಲೇ ಇಲ್ಲ, ಮೊದಲು ಇನ್ನೊಂದು 9 ಒತ್ತಬೇಕು ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ಕ್ಯಾರಿಯ ತಂದೆ ಹಟ ಹಿಡಿದು ಓಡಾಡಿ, 2018ರಲ್ಲಿ ಕ್ಯಾರಿ ಕಾಯ್ದೆ ಬಂತು. 2020ರ ಫೆಬ್ರವರಿಯಿಂದ ಹೊಸದಾಗಿ ಹಾಕುವ ಫೋನ್ ವ್ಯವಸ್ಥೆಗಳಲ್ಲಿ ನೇರ 911 ಹೋಗಲೇಬೇಕು.

ಸೇನೆಗೆ ತನ್ನದೇ ಫೋನ್ ಜಾಲ ಇದೆ, ಡಿ.ಎಸ್.ಎನ್. ಅಂತ. ಹೊರಗಿನ ಲೈನಿಗೆ ಬೇರೆ ಅಂಕಿ ಒತ್ತಬೇಕು. ಕೆಲಸಕ್ಕೆ ಸೇರಿದರೆ ಮೊದಲು ಯಾವ ಫೋನಿನಿಂದ ಯಾವ ನಂಬರ್ ಒತ್ತಿದರೆ ಎಲ್ಲಿಗೆ ಹೋಗುತ್ತೆ ಅಂತ ಕೇಳಿ ತಿಳಿದುಕೊಳ್ಳಿ.

ಇಂಗು_ತೆಂಗು:
ಈ 9 ಮತ್ತು 1ರ ಗೋಳು ನಮ್ಮ ಇಂಡಿಯನ್ಸ್‌ಗೆ ಇನ್ನೊಂದು ಥರ ಇದೆ. ಡೆಲ್ಲಿಗೆ ಫೋನ್ ಮಾಡುವಾಗ, ಇಲ್ಲಿಂದ ಹೊರದೇಶಕ್ಕೆ ಮೊದಲು ಒತ್ತಬೇಕಾದ 011 ಮರೆತು ನೇರ 91, ಆಮೇಲೆ 11 ಒತ್ತುತ್ತಾರೆ. ಆಯಿತು, 911. ನಾವು "ಎಮರ್ಜೆನ್ಸಿ ಎಲ್ಲಿ" ಅಂದಕೂಡಲೇ ಆ ಕಡೆ ಗಾಬರಿಯಾಗಿ ಫೋನ್ ಇಟ್ಟುಬಿಡುತ್ತಾರೆ. ದಯವಿಟ್ಟು ಇಡಬೇಡಿ! ತಪ್ಪಾಗಿ ಬಂತು ಅಂತ ಒಂದು ಮಾತು ಹೇಳಿ. ಇಟ್ಟರೆ ನಾವು ವಾಪಸ್ ಮಾಡಬೇಕು, ಎತ್ತದಿದ್ದರೆ ಪೊಲೀಸರನ್ನು ಕಳಿಸಬೇಕು.

ಮೈಸೂರ್_ಮಲ್ಲಿ:
ನಮ್ಮ ಓರಗಿತ್ತಿ ಮನೆಗೆ ಹೀಗೇ ಪೊಲೀಸ್ ಬಂದಿದ್ದರು. ಸತ್ಯನಾರಾಯಣ ಪೂಜೆ ನಡೀತಿತ್ತು. ಹೊಗೆ ನೋಡಿ ಅವರಿಗೆ ಇನ್ನೂ ಅನುಮಾನ ಜಾಸ್ತಿ ಆಯಿತು. ಪ್ರಸಾದ ತಿಂದು ಹೋದರು.

ತಂತಿ_ತಿಮ್ಮ:
ಬೆಂಗಳೂರಿನವರು ಬಚಾವ್. 91 80.

ನೈಟ್_ನರ್ಸ್:
ತಮಾಷೆ ನಡುವೆ ಒಂದು ಗಂಭೀರ ಮಾತು. ಕೊತ್ತಂಬರಿ, ನಿಮಗೆ ಕಷ್ಟ ಆಗುವುದು ಬೆಂಕಿ, ವಿಮಾನ ಇವುಗಳಿಂದಲ್ಲ. ನಾನು ಸೈನಿಕರ ಕುಟುಂಬಗಳು ಬರುವ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದೆ. ಆತ್ಮಹತ್ಯೆ ಯತ್ನದ ಕರೆಗಳು ಬರುತ್ತವೆ. ಕೆಲವೊಮ್ಮೆ ಹೆಂಡತಿ ಮಾಡುತ್ತಾಳೆ, ಕೆಲವೊಮ್ಮೆ ಬ್ಯಾರಕ್ಸಿನ ರೂಂಮೇಟ್, ಕೆಲವೊಮ್ಮೆ ಅವನೇ. ಇಂಥವರಿಗೆ ಈಗ 988 ಸಹಾಯವಾಣಿ ನಂಬರ್ ಇದೆ, 2022ರ ಜುಲೈಯಿಂದ. ಅದರಲ್ಲಿ 1 ಒತ್ತಿದರೆ ಸೈನಿಕರಿಗೆ, ಮಾಜಿ ಸೈನಿಕರಿಗೆ ಅಂತಲೇ ಇರುವ ಲೈನ್ ಸಿಗುತ್ತೆ. ಆದರೂ 911ಗೇ ಮಾಡುವವರು ಇದ್ದೇ ಇರುತ್ತಾರೆ.

ಇನ್ನೊಂದು. ಬೇಸ್ ಚಿಕ್ಕ ಸಮಾಜ. ಕರೆ ಮಾಡಿದವರು ನಿಮ್ಮ ಪರಿಚಯದವರೇ ಆಗಿರಬಹುದು, ನಿಮ್ಮ ಯಜಮಾನರ ಯೂನಿಟ್‌ನವರೇ ಇರಬಹುದು. ಮನೆಗೆ ಬಂದು ಒಂದು ಮಾತೂ ಹೇಳುವಂತಿಲ್ಲ. ಮರುದಿನ ಅಂಗಡಿಯಲ್ಲಿ ಆಕೆಯೇ ಎದುರಾದರೆ ಏನೂ ಗೊತ್ತಿಲ್ಲದ ಹಾಗೆ "ಹಾಯ್" ಅನ್ನಬೇಕು. ಇದು ನಿಮಗೆ ಆಗುತ್ತಾ ಅಂತ ಮೊದಲು ಕೇಳಿಕೊಳ್ಳಿ.

ಕೊತ್ತಂಬರಿ_ಸೊಪ್ಪು:
ಅಕ್ಕಾ, ನೀವು ಹೇಳಿದ್ದು ನಾಟಿತು. ಇವರು "ತಲೆನೋವು" ಅಂದಿದ್ದು ಇದಕ್ಕೇ ಇರಬೇಕು, ಬಿಡಿಸಿ ಹೇಳಲಿಲ್ಲ.

ಡಬಲ್_ಇಸ್ತ್ರಿ:
ಸರಿ, ಒಪ್ಪಿಕೊಳ್ಳೋಣ, ಕಷ್ಟದ ಕೆಲಸ. ಆದರೆ ಸರ್ಕಾರವೇ ಅದನ್ನು ಕ್ಲಾರ್ಕ್ ಕೆಲಸ ಅಂತ ಬರೆದಿದೆಯಲ್ಲ, ನಾನು ಹೇಳಿದರೆ ಮಾತ್ರ ತಪ್ಪಾ?

ಮೂರನೇ_ಪಾಳಿ:
ಅದೇ ನಮ್ಮ ಹೊಟ್ಟೆಕಿಚ್ಚು! ಅಮೆರಿಕದ ಉದ್ಯೋಗ ವರ್ಗೀಕರಣದಲ್ಲಿ ಪೊಲೀಸ್, ಅಗ್ನಿಶಾಮಕ, ಈಜುಕೊಳದ ಲೈಫ್‌ಗಾರ್ಡ್ ಎಲ್ಲರೂ ರಕ್ಷಣಾ ಸೇವೆ. ನಾವು ಮಾತ್ರ "ಕಚೇರಿ ಮತ್ತು ಆಡಳಿತ ಸಹಾಯ". ಫೋನಿನಲ್ಲೇ ಹೆರಿಗೆ ಮಾಡಿಸುವವರು ಗುಮಾಸ್ತರಂತೆ. ಬದಲಾಯಿಸಿ ಅಂತ ವರ್ಷಗಳಿಂದ ಕೇಳುತ್ತಿದ್ದಾರೆ. ಕಾಂಗ್ರೆಸ್‌ನಲ್ಲಿ ಮಸೂದೆ ಕೂಡ ಮಂಡನೆ ಆಗಿತ್ತು.

ಡಬಲ್_ಇಸ್ತ್ರಿ:
ಲೈಫ್‌ಗಾರ್ಡ್ ಕೂಡ ರಕ್ಷಣಾ ಸೇವೆನಾ? ಇದು ಅನ್ಯಾಯ, ಈ ವಿಷಯದಲ್ಲಿ ನಿಮ್ಮ ಕಡೆ ನಾನು.

ನಿವೃತ್ತ_ವಾಯುಪಡೆ:
ಉಚ್ಚಾರಣೆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲಮ್ಮ.

ಇಂಗು_ತೆಂಗು:
ನಾನು ಕೊಡ್ತೀನಿ ಸರ್. ನನ್ನದು ಪಕ್ಕಾ ಹಾಸನದ ಇಂಗ್ಲಿಷ್. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದರೆ ಸಾಕು. ಅಕ್ಷರ ಹೇಳುವಾಗ ಎ, ಬಿ, ಸಿ ಬದಲು ಆಲ್ಫಾ, ಬ್ರಾವೋ, ಚಾರ್ಲಿ ಬಳಸಬೇಕು. ಸೈನಿಕರಿಗೆ ಅದು ಬಾಯಿಪಾಠ, ಬೇಸ್‌ನಲ್ಲಿ ಇನ್ನೂ ಸುಲಭ. ಕಿಲೀನ್‌ನಲ್ಲಿ ಕೊರಿಯಾದವರು ಬಹಳ ಇದ್ದಾರೆ, ಸ್ಪ್ಯಾನಿಷ್ ಮಾತಾಡುವವರೂ ಇದ್ದಾರೆ. ಬೇರೆ ಭಾಷೆ ಬಂದರೆ ದುಭಾಷಿ ಲೈನ್ ಸೇರಿಸಿಕೊಳ್ಳುತ್ತಾರೆ. ಕಷ್ಟ ಆಗುವುದು ಮಾತಾಡುವುದರಲ್ಲಿ ಅಲ್ಲ, ಕೇಳಿಸಿಕೊಳ್ಳುವುದರಲ್ಲಿ. ಟೆಕ್ಸಾಸಿನವರು ಅಳುತ್ತಾ ಮಾತಾಡಿದರೆ ಟೆಕ್ಸಾಸಿನವರಿಗೂ ಅರ್ಥ ಆಗಲ್ಲ.

ಟ್ಯಾಂಕ್_ಟೈರು:
ನಾನು ಇದೇ ಬೇಸ್‌ನಲ್ಲಿ ಸೈನಿಕನಾಗಿದ್ದವನು. ಇನ್ನೊಂದು ಸಂಗತಿ ಯಾರೂ ಹೇಳಿಲ್ಲ. ತರಬೇತಿ ಮೈದಾನದಲ್ಲಿ ರಸ್ತೆ ಹೆಸರೂ ಇಲ್ಲ, ಬಿಲ್ಡಿಂಗ್ ನಂಬರೂ ಇಲ್ಲ. ಸೈನಿಕರು ನಕ್ಷೆಯ ಚೌಕ ತೋರಿಸುವ ಗ್ರಿಡ್ ಅಂಕಿ ಹೇಳುತ್ತಾರೆ, ಎಂಟು ಅಂಕಿ. ಡಿಸ್ಪ್ಯಾಚರ್ ಅದನ್ನು ನಕ್ಷೆಗೆ ಹಾಕಬೇಕು, ಮೈದಾನದ ಉಸ್ತುವಾರಿಯ ರೇಂಜ್ ಕಂಟ್ರೋಲ್‌ಗೆ ಹೇಳಿ ಗುಂಡು ಹಾರಿಸುವುದು ನಿಂತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಆಂಬುಲೆನ್ಸ್.

ಟೆಕ್ಸಾಸ್ ಬೇಸಿಗೆಯಲ್ಲಿ ಬಿಸಿಲು ಬಡಿದು ಬೀಳುವವರು ದಿನಾ ಇದ್ದೇ ಇರುತ್ತಾರೆ ಅನ್ನಿ. ಮಂಜುಗಡ್ಡೆ ನೀರಿನಲ್ಲಿ ನೆನೆಸಿದ ಬೆಡ್‌ಶೀಟ್ ಸುತ್ತಿ ಅಂತ ಹೇಳಿಕೊಡುತ್ತಾರೆ. ಮಳೆ ಬಂದರೆ ಇನ್ನೂ ಮೋಸ. 2016ರ ಜೂನ್ 2ರಂದು ಔಲ್ ಕ್ರೀಕ್ ಹಳ್ಳ ದಾಟುವಾಗ ಸೇನಾ ಟ್ರಕ್ ಕೊಚ್ಚಿ ಮಗುಚಿ 9 ಜನ ತೀರಿಕೊಂಡರು. ಅವರಲ್ಲಿ ಒಬ್ಬ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್. ನಮ್ಮೂರ ಕಡೆ ಹಳ್ಳ ಬಂದರೆ ದನ ಕೂಡ ಆಚೆ ದಡದಲ್ಲೇ ನಿಲ್ಲುತ್ತೆ. ಇಲ್ಲಿ ನೋಡಿದರೆ ಒಣಗಿದ ಹಾಗಿರುತ್ತೆ, ಸ್ವಲ್ಪ ಹೊತ್ತಿನಲ್ಲಿ ಟ್ರಕ್ ಮುಳುಗುವಷ್ಟು ನೀರು.

ಮೈಸೂರ್_ಮಲ್ಲಿ:
ಫೋರ್ಟ್ ಹುಡ್ ಹೆಸರು ಬದಲಾಗಿತ್ತಲ್ವಾ? ಕವಾಜೋಸ್ ಅಂತ ಏನೋ ಓದಿದ್ದೆ.

ಟ್ಯಾಂಕ್_ಟೈರು:
2023ರಲ್ಲಿ ಫೋರ್ಟ್ ಕವಾಜೋಸ್ ಆಯಿತು. 2025ರಲ್ಲಿ ವಾಪಸ್ ಹುಡ್. ಮೊದಲಿನ ಹುಡ್ ಅಂತರ್ಯುದ್ಧದಲ್ಲಿ ದಕ್ಷಿಣದವರ ಜನರಲ್, ಈಗಿನ ಹುಡ್ ಬೇರೆ ವ್ಯಕ್ತಿ, ಮೊದಲ ಮಹಾಯುದ್ಧದ ವೀರ. ಬೋರ್ಡ್ ಬರೆಯುವವನಿಗೆ ಒಳ್ಳೆ ದುಡಿಮೆ.

ರಾಗಿಹುರಿಹಿಟ್ಟು:
ಡ್ರಿಲ್‌ಗಳ ಬಗ್ಗೆ ಕೇಳಬೇಕಿತ್ತು. 2016ರ ಜೂನ್ 30ಕ್ಕೆ ಜಾಯಿಂಟ್ ಬೇಸ್ ಆಂಡ್ರೂಸ್‌ನಲ್ಲಿ ಗುಂಡಿನ ದಾಳಿಯ ಅಣಕು ಕಾರ್ಯಾಚರಣೆ ಇತ್ತು. ಯಾರೋ ಅದನ್ನು ನಿಜ ಅಂದುಕೊಂಡು ವರದಿ ಮಾಡಿದರು, ಇಡೀ ಬೇಸ್ ಬಂದ್. ಇಂಥದ್ದು ನಿಮ್ಮಲ್ಲಿ ಆಗುತ್ತಾ?

ಮೂರನೇ_ಪಾಳಿ:
ಅದಕ್ಕೇ ಅಣಕು ಕರೆ ಶುರುವಿನಲ್ಲಿ "ಎಕ್ಸರ್ಸೈಜ್, ಎಕ್ಸರ್ಸೈಜ್, ಎಕ್ಸರ್ಸೈಜ್" ಅಂತ ಮೂರು ಸಲ ಹೇಳಬೇಕು. ಡ್ರಿಲ್ ನಡುವೆ ನಿಜವಾಗಿ ಯಾರಿಗಾದರೂ ಎದೆ ನೋವು ಬಂದರೆ "ರಿಯಲ್ ವರ್ಲ್ಡ್" ಅಂತ ಕೂಗುತ್ತಾರೆ. ಅದನ್ನು ಕೇಳಿದ ತಕ್ಷಣ ಆಟ ನಿಲ್ಲುತ್ತೆ. ಡ್ರಿಲ್ ದಿನ ನನಗೆ ತಲೆ ಕೆಡುತ್ತೆ, ಸತ್ಯ ಹೇಳ್ತೀನಿ. ಎರಡು ರೀತಿಯ ಕರೆ ಒಂದೇ ಮೇಜಿಗೆ.

ಗೇಟಿನ ವಿಷಯವೂ ಇದೆ. ಹೊರಗಿನ ಆಂಬುಲೆನ್ಸ್ ಸಹಾಯಕ್ಕೆ ಬರುವಾಗ ಮುಂಚೆಯೇ ಗೇಟಿನವರಿಗೆ ಹೇಳಬೇಕು. ಇಲ್ಲದಿದ್ದರೆ ಐಡಿ ಕಾರ್ಡ್ ಕೇಳುತ್ತಾ ನಿಲ್ಲಿಸಿಕೊಳ್ಳುತ್ತಾರೆ. ಭದ್ರತೆ ಮಟ್ಟ ಏರಿದ್ದರೆ ಕೆಲವು ಗೇಟ್ ಮುಚ್ಚಿರುತ್ತವೆ, ಯಾವುದು ತೆರೆದಿದೆ ಅಂತ ನಮಗೆ ಬಾಯಲ್ಲಿರಬೇಕು. ಇನ್ನು ಅಪರಾಧ ಆದರೆ ಕೆಲವು ಬೇಸ್‌ಗಳ ಒಳಗೆ ಪೂರ್ತಿ ಫೆಡರಲ್ ಅಧಿಕಾರ, ಕೆಲವು ಕಡೆ ರಾಜ್ಯಕ್ಕೂ ಪಾಲು. ಒಂದೇ ರಸ್ತೆಯ ಎರಡು ಬದಿಗೆ ಎರಡು ಕಾನೂನು ಇರುವ ಜಾಗವನ್ನೂ ನೋಡಿದ್ದೇನೆ.

ಚಿತ್ರಾನ್ನ_ಡಬ್ಬಿ:
ಕಿಲೀನ್‌ನಲ್ಲಿ ಇಡ್ಲಿ ಅಕ್ಕಿ ಸಿಗುತ್ತಾ?

ಟ್ಯಾಂಕ್_ಟೈರು:
ನಾನಿದ್ದಾಗ ಆಸ್ಟಿನ್‌ಗೇ ಹೋಗುತ್ತಿದ್ದೆವು. ಒಂದು ಗಂಟೆ ದಾರಿ. ಕೊರಿಯನ್ ಅಂಗಡಿಯಲ್ಲಿ ಒಳ್ಳೆ ಸೌತೆಕಾಯಿ, ಮೂಲಂಗಿ ಸಿಗುತ್ತೆ. ಹುಳಿ ಮಾಡಬಹುದು.

ಕೊತ್ತಂಬರಿ_ಸೊಪ್ಪು:
ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಇವರಿಗೆ ಪೂರ್ತಿ ಓದಿ ಹೇಳಿದೆ. ನೈಟ್_ನರ್ಸ್ ಅಕ್ಕ ಬರೆದದ್ದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನನ್ನ ಯೂನಿಟ್‌ನವರು ಫೋನ್ ಮಾಡಿದರೂ ನನಗೆ ಹೇಳಬಾರದು, ನಾನೂ ಕೇಳಲ್ಲ" ಅಂದರು. ಅರ್ಜಿ ಹಾಕುತ್ತಿದ್ದೇನೆ. ಪರೀಕ್ಷೆ ಹೇಗಿರುತ್ತೆ? ಮಗುವಿನ ವ್ಯವಸ್ಥೆ ಹೇಗೆ ಮಾಡಿಕೊಂಡಿರಿ?

ಮೂರನೇ_ಪಾಳಿ:
ಟೈಪಿಂಗ್ ಅಭ್ಯಾಸ ಮಾಡಿ. ಕೇಳಿಸಿಕೊಳ್ಳುತ್ತಲೇ ಟೈಪ್ ಮಾಡುವುದು, ರೇಡಿಯೋದಲ್ಲಿ ಇನ್ನೊಂದು ದನಿ ಬಂದರೂ ನಂಬರ್ ಮರೆಯದೆ ಇರುವುದು, ನಕ್ಷೆ ಓದುವುದು. ಶ್ರವಣ ಪರೀಕ್ಷೆ, ಹಿನ್ನೆಲೆ ತಪಾಸಣೆ ಇರುತ್ತೆ. ತಪಾಸಣೆಗೆ ತಿಂಗಳುಗಟ್ಟಲೆ ಹಿಡಿಯಬಹುದು, ಇಂಡಿಯಾದಲ್ಲಿದ್ದ ವಿಳಾಸಗಳನ್ನೆಲ್ಲ ಈಗಲೇ ಬರೆದಿಟ್ಟುಕೊಳ್ಳಿ. ಸೇರಿದ ಮೇಲೆ ಹಳಬರ ಪಕ್ಕ ಕೂರಿಸಿ ಕಲಿಸುತ್ತಾರೆ, ಒಬ್ಬರನ್ನೇ ಬಿಡುವುದಿಲ್ಲ.

ನೈಟ್_ನರ್ಸ್:
ಬೇಸ್‌ನ ಡೇಕೇರ್ ಸಾಮಾನ್ಯವಾಗಿ ಹಗಲಿಗೆ ಮಾತ್ರ. ರಾತ್ರಿ ಪಾಳಿಯವರಿಗೆ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ, ಸೇನೆಯ ಒಪ್ಪಿಗೆ ಪಡೆದ ಕುಟುಂಬಗಳಿರುತ್ತವೆ. ಅಲ್ಲೂ ಸರದಿ ಕಾಯಬೇಕಾಗಬಹುದು. ಕೆಲಸದ ಅರ್ಜಿ ಹಾಕುವ ದಿನವೇ ಅಲ್ಲೂ ಹೆಸರು ಬರೆಸಿ.

ಡಬಲ್_ಇಸ್ತ್ರಿ:
ಅತ್ತೆಯನ್ನು ಆರು ತಿಂಗಳು ಕರೆಸಿಕೊಳ್ಳಿ. "ಸೇರ್ಕೋ" ಅಂದವರು ಅವರೇ ತಾನೇ?